ಎಂಟು ದಿನದ ವಿದ್ವತ್ತು

ಕಳೆದ ದೀಪಾವಳಿಯ ಮೊದಲು ನಮ್ಮ ನೆರೆಮನೆಯ ಹುಡುಗ ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ಬಂದ. ಅವನ ತಂದೆ ವಿಜಾಪುರದ ಕಡೆಯವರು. ಹೊಟ್ಟೆಪಾಡಿಗೆಂದು ಪಿಂಪ್ರಿಯ ಕಾರಖಾನೆಗೆ ಬಂದು, ಪಾಳಿಯ ಮೇಲೆ ದುಡಿದು, ಮಗನನ್ನು ಪಿಎಚ್.ಡಿ.ವರೆಗೆ ತಂದವರು.

“ಕಾಕಾ, ನನ್ನ ಪೇಪರ್ ಪ್ರಿಂಟ್ ಆತ್ರಿ” ಎಂದ.

ಸಂತೋಷದಿಂದ ಪೇಢೆ ಬಾಯಿಗೆ ಹಾಕಿಕೊಂಡು, “ಯಾವಾಗ ಕಳಿಸಿದ್ದೆಪಾ?” ಎಂದು ಕೇಳಿದೆ.

“ಎಂಟ ದಿನಾ ಆತ್ರಿ.”

“ಎಂಟು ದಿನದಾಗ ಯಾರು ಓದಿ ನೋಡಿದ್ರು?”

ಹುಡುಗ ತಲೆ ತಗ್ಗಿಸಿದ. “ಯಾರೂ ಓದಿಲ್ರಿ ಕಾಕಾ. ರೊಕ್ಕಾ ಕಳಿಸಿದ್ವಿ, ಸರ್ಟಿಫಿಕೇಟ್ ಬಂತು. ಎಲ್ಲಾರೂ ಹಿಂಗ ಮಾಡ್ತಾರ್ರಿ.”

ಬಾಯಲ್ಲಿದ್ದ ಪೇಢೆ ಕಹಿಯಾಯಿತು. ರೊಕ್ಕ ಕೊಟ್ಟವರು ಯಾರೆಂದು ಕೇಳಲಿಲ್ಲ. ಅದು ಅವನ ತಂದೆಯ ಬೆವರಿನದೆಂದು ನನಗೆ ಗೊತ್ತಿತ್ತು.

“ಎಲ್ಲಾರೂ ಹಿಂಗ ಮಾಡ್ತಾರ” ಎಂಬ ಈ ಮಾತಿನ ಮೇಲೆಯೇ ನನ್ನ ಜಗಳ. ಸಂಶೋಧನ ಪತ್ರಿಕೆ ಎಂದರೆ ಮದುವೆಯ ಲಗ್ನಪತ್ರಿಕೆಯಲ್ಲ, ದುಡ್ಡು ಕೊಟ್ಟವರಿಗೆಲ್ಲ ಅಚ್ಚು ಹಾಕಿಕೊಡಲು. ಒಬ್ಬನು ತಾನು ಕಂಡುಕೊಂಡದ್ದನ್ನು ಬರೆದು ಕಳಿಸಬೇಕು. ಅದೇ ವಿಷಯ ಬಲ್ಲ, ಅವನ ಹಂಗಿಲ್ಲದ ಇಬ್ಬರು ಮೂವರು ಅದನ್ನು ಓದಿ ತಪ್ಪು ತೋರಿಸಬೇಕು. ತಿದ್ದಿದ ಮೇಲೆ ಅಚ್ಚಾಗಬೇಕು. ಈ ಪರೀಕ್ಷೆಯೇ ಪತ್ರಿಕೆಯ ಪ್ರಾಣ. ಪರೀಕ್ಷೆ ಮಾಡದೆ ಮಾಡಿದೆನೆಂದು ಹೇಳಿ ಹಣ ತೆಗೆದುಕೊಳ್ಳುವುದು ಶುದ್ಧ ಮೋಸ. ಗೊತ್ತಿದ್ದೂ ಹಣ ಕೊಡುವುದು ಆ ಮೋಸದಲ್ಲಿ ಪಾಲುಗಾರಿಕೆ.

ಈ ಅಂಗಡಿಗಳು ತಾವಾಗಿಯೇ ಹುಟ್ಟಲಿಲ್ಲ. ಯು.ಜಿ.ಸಿ. 2010ರಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಒಂದಾದರೂ ಲೇಖನ ಅಚ್ಚಾಗಿರಬೇಕೆಂಬ ನಿಯಮವೂ ಇತ್ತು. ಎಣಿಸುವವರು ಎಣಿಸಿದರು, ಓದುವವರು ಯಾರೂ ಇರಲಿಲ್ಲ. ಬೇಡಿಕೆ ಇದ್ದಲ್ಲಿ ಸಂತೆ ನೆರೆಯುತ್ತದೆ. ಹೀಗೆ ನೆರೆದ ಸಂತೆಯಲ್ಲಿ ನಮ್ಮ ದೇಶವೇ ದೊಡ್ಡ ವ್ಯಾಪಾರಿ, ನಮ್ಮ ದೇಶವೇ ದೊಡ್ಡ ಗಿರಾಕಿ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಮೂಹಕ್ಕೆ ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಹಣ ತೆರಬೇಕೆಂದು ಆಜ್ಞೆ ಮಾಡಿತು. ಪರಿಶೀಲನೆ ಮಾಡುತ್ತೇವೆಂದು ಲೇಖಕರನ್ನು ನಂಬಿಸಿದ್ದೂ ಆ ಆರೋಪಗಳಲ್ಲಿ ಒಂದು.

ಈ ಕಥೆಯ ಒಂದು ಅಧ್ಯಾಯ ನಮ್ಮ ಪುಣೆಯಲ್ಲಿಯೇ ನಡೆದದ್ದು. ಯು.ಜಿ.ಸಿ. 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಸಾವಿತ್ರಿಬಾಯಿ ಫುಲೆ ಪುಣೆ ವಿದ್ಯಾಪೀಠದ ಪ್ರಾಧ್ಯಾಪಕ ಭೂಷಣ ಪಟವರ್ಧನ ಮತ್ತು ಸಂಗಡಿಗರು ಆ ಪಟ್ಟಿಯನ್ನು ಜರಡಿ ಹಿಡಿದರು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಪತ್ರಿಕೆಗಳ ಪೈಕಿ ಅವರು ಪರೀಕ್ಷಿಸಿದವುಗಳಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಕಳಪೆಯಾಗಿ ಕಂಡವು! ಈ ವರದಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2018ರಲ್ಲಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಯು.ಜಿ.ಸಿ. 4305 ಪತ್ರಿಕೆಗಳನ್ನು ಪಟ್ಟಿಯಿಂದ ಹೊರಹಾಕಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ಪತ್ರಿಕೆಗಳನ್ನು ತೂಗಿ ನೋಡುವ ಕೆಲಸ ಇದೇ ಪುಣೆ ವಿದ್ಯಾಪೀಠಕ್ಕೆ ಬಂತು. ಕಳ್ಳರು ಸುಮ್ಮನಿರಲಿಲ್ಲ. ಪಟ್ಟಿಯಲ್ಲಿದ್ದ ಒಳ್ಳೆಯ ಪತ್ರಿಕೆಗಳ ಹೆಸರನ್ನೇ ಕದ್ದು, ಅದೇ ಹೆಸರಿನ ನಕಲಿ ಅಂಗಡಿ ತೆರೆದರು. ಕೊನೆಗೆ 2025ರ ಫೆಬ್ರವರಿಯಲ್ಲಿ ಯು.ಜಿ.ಸಿ. ಆ ಪಟ್ಟಿಯನ್ನೇ ಕೈಬಿಟ್ಟು, ಪತ್ರಿಕೆಗಳ ಗುಣವನ್ನು ಆಯಾ ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಲಿ ಎಂದಿತು.

ಇದರಿಂದ ಸಂತೋಷಪಡಬೇಕೋ, ಹೆದರಬೇಕೋ? ಕಾವಲುಗಾರ ನಿದ್ದೆ ಮಾಡುತ್ತಾನೆಂದು ಕೆಲಸದಿಂದ ತೆಗೆದರೆ ಮನೆಯವರೇ ಎಚ್ಚರ ಇರಬೇಕಾಗುತ್ತದೆ. ಮೊದಲು ಕಳಪೆ ಪತ್ರಿಕೆಗಳನ್ನು ಶಿಫಾರಸು ಮಾಡಿದವರೂ ವಿದ್ಯಾಸಂಸ್ಥೆಗಳವರೇ ಅಲ್ಲವೆ? ಬೇಲಿಯೇ ಹೊಲ ಮೇಯ್ದದ್ದನ್ನು ಕಣ್ಣಾರೆ ಕಂಡ ಮೇಲೆ, ಮತ್ತೆ ಅದೇ ಬೇಲಿಗೆ ಹೊಲ ಒಪ್ಪಿಸಿದಂತಾಯಿತು.

“ಬಡವರ ಮಕ್ಕಳು ಏನು ಮಾಡಬೇಕು? ಅಂಕ ಇಲ್ಲದಿದ್ದರೆ ಸಂದರ್ಶನಕ್ಕೆ ಕರೆಯೇ ಬರುವುದಿಲ್ಲ” ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ತಪ್ಪಿನ ದೊಡ್ಡ ಪಾಲು ನಿಯಮ ಮಾಡಿದವರದು ಮತ್ತು ಓದದೆ ಸಹಿ ಹಾಕುವ ಮಾರ್ಗದರ್ಶಕರದು. ಆದರೆ ಈ ಸಂತೆಯಲ್ಲಿ ನಿಜವಾಗಿ ಸೋಲುವವರು ಬಡವರ ಮಕ್ಕಳೇ. ರೊಕ್ಕವಿದ್ದವನು ಹತ್ತು ಕೊಳ್ಳುತ್ತಾನೆ. ಇಲ್ಲದವನು ಎರಡು ವರ್ಷ ಶ್ರಮಪಟ್ಟು ಒಂದು ಬರೆಯುತ್ತಾನೆ. ಎಣಿಕೆಯಲ್ಲಿ ಹತ್ತೇ ದೊಡ್ಡದು. ಅದೂ ಅಲ್ಲದೆ 2022ರ ನಿಯಮಗಳಲ್ಲಿ ಪಿಎಚ್.ಡಿ.ಗೆ ಲೇಖನ ಅಚ್ಚಾಗಲೇಬೇಕೆಂಬ ಯು.ಜಿ.ಸಿ. ಕಡ್ಡಾಯವೇ ಹೋಗಿದೆ. ಅದು ಹೋದರೂ ರೂಢಿ ಹೋಗಿಲ್ಲ.

ಇದು ವಿದ್ವಾಂಸರ ಮನೆಯ ಜಗಳ, ನಮಗೇಕೆ ಎನ್ನಬೇಡಿ. 1998ರಲ್ಲಿ ‘ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯ ಪತ್ರಿಕೆಯಲ್ಲಿ, ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರದ ಲಸಿಕೆಯ ಮೇಲೆ ಸಂಶಯ ಹುಟ್ಟಿಸುವ ಲೇಖನವೊಂದು ಬಂತು. ಅದನ್ನು ಪೂರ್ತಿ ಹಿಂದಕ್ಕೆ ಪಡೆಯಲು 2010 ಬರಬೇಕಾಯಿತು. ಅಷ್ಟರಲ್ಲಿ ಎಷ್ಟೋ ತಾಯಿತಂದೆಗಳು ಹೆದರಿ ಲಸಿಕೆ ಬಿಟ್ಟಿದ್ದರು. ಪರೀಕ್ಷೆ ಇದ್ದಲ್ಲಿಯೇ ಹೀಗಾದರೆ, ಪರೀಕ್ಷೆಯೇ ಇಲ್ಲದಲ್ಲಿ ಹೇಗೆ?

ನಾವು ಯಾವ ಊರಲ್ಲಿದ್ದೇವೆ ನೋಡಿ. ಇಲ್ಲಿಯ ಭಾಂಡಾರಕರ ಸಂಸ್ಥೆ ಮಹಾಭಾರತದ ಶುದ್ಧ ಪಾಠ ಸಿದ್ಧಪಡಿಸಲು 1919ರಲ್ಲಿ ಕೈಹಾಕಿತು. ದೇಶದ ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಹೋಲಿಸಿ, 1966ರಲ್ಲಿ ಮುಗಿಸಿತು. ನಮ್ಮವರನ್ನೂ ನೋಡಿ: ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಶಂ.ಬಾ. ಜೋಶಿಯವರು ಯಾವ ಅಂಕದ ಆಸೆಗೂ ಬೀಳದೆ ಕನ್ನಡ ನಾಡು–ಮರಾಠಿ ನಾಡುಗಳ ಹಳೆಯ ನಂಟನ್ನು ಶೋಧಿಸಿದರು. ಸಿ.ವಿ. ರಾಮನ್ನರು 1928ರಲ್ಲಿ ತಮ್ಮ ಶೋಧವನ್ನು ವಿವರಿಸಿ ಬರೆದದ್ದು ಕಲಕತ್ತೆಯ ನಮ್ಮದೇ ಭೌತವಿಜ್ಞಾನ ಪತ್ರಿಕೆಯಲ್ಲಿ. ಎರಡು ವರ್ಷದಲ್ಲಿ ನೊಬೆಲ್ ಬಂತು. ನಮ್ಮ ಪತ್ರಿಕೆಗಳಿಗೆ ಅಂಥ ಮಾನವಿತ್ತು. ಇಂದು ಭಾರತದ ಪತ್ರಿಕೆ ಎಂದರೆ ಹೊರಗಿನವರು ಮೂಗು ಮುರಿಯುವಂತಾಗಿದ್ದರೆ, ಪ್ರಾಮಾಣಿಕವಾಗಿ ದುಡಿಯುವ ನಮ್ಮ ಹುಡುಗರೂ ಆ ದಂಡ ತೆರಬೇಕಾಗಿದೆ.

ನಮ್ಮಂಥ ಸಂಘಗಳಲ್ಲಿ ಪಿಎಚ್.ಡಿ. ಪಡೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವ ಪದ್ಧತಿಯಿದೆ. ಒಳ್ಳೆಯದೇ. ಇನ್ನು ಮುಂದೆ ಶಾಲು ಹೊದಿಸುವ ಮೊದಲು, ತಾವು ಹೊಸದಾಗಿ ಕಂಡುಕೊಂಡದ್ದೇನೆಂದು ಹದಿನೈದು ನಿಮಿಷ, ನಮಗೆಲ್ಲ ತಿಳಿಯುವ ಕನ್ನಡದಲ್ಲಿ, ಅವರು ಹೇಳಲಿ. ಸಭೆಯಲ್ಲಿರುವ ತಾಯಂದಿರು, ಕಾರಖಾನೆಯ ಕೆಲಸಗಾರರು ಪ್ರಶ್ನೆ ಕೇಳಲಿ. ನಿಜವಾಗಿ ದುಡಿದವರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೆಯಿಲ್ಲ. ಮನೆಯಲ್ಲಿ ತಂದೆತಾಯಿಗಳೂ “ಪೇಪರ್ ಎಷ್ಟಾದವು?” ಎಂದು ಕೇಳುವ ಬದಲು, “ಯಾರು ಓದಿ ನೋಡಿದರು? ಏನು ತಪ್ಪು ತೋರಿಸಿದರು?” ಎಂದು ಕೇಳಲಿ.

ನೆರೆಮನೆಯ ಹುಡುಗನಿಗೂ ಅದನ್ನೇ ಹೇಳಿದೆ. ಮೊದಲು ಸಿಟ್ಟಾದ. ಹದಿನೈದು ದಿನ ಬಿಟ್ಟು ಬಂದು, “ಕಾಕಾ, ಮತ್ತ ಮೊದಲಿಂದ ಬರ್ಯಾಕ ಹತ್ತೀನ್ರಿ, ಒಂದ ವರ್ಷ ಹಿಡೀಬಹುದು” ಎಂದ. ಹಿಡಿಯಲಿ. ಆ ಪೇಢೆಗಾಗಿ ನಾನು ಒಂದು ವರ್ಷ ಕಾಯಲು ಸಿದ್ಧನಿದ್ದೇನೆ.