ಕಬ್ಬಿನ ಜಾಡಿನಿಂದ ರೇಸಿಗೆ

ಮೌಂಟೇನ್ ಬೈಕ್‌ಗೆ ಹಿಮಾಲಯನೇ ಬೇಕಾ? ನಮ್ಮ ಚಿಕ್ಕೋಡಿ ಕಡೆ ಬರ್ರಿ. ನಿಪ್ಪಾಣಿ ಹತ್ರ ಸ್ತವನಿಧಿ ಗುಡ್ಡದ ಏರು, ರಾಯಬಾಗದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕೊರೆದ ಜಾಡು, ಅಥಣಿ-ಕಾಗವಾಡದ ಎರೆಮಣ್ಣು. ನನ್ನ ಮೊದಲ ಕ್ರಾಸ್ ಕಂಟ್ರಿ ರೇಸಿಗೆ ತಯಾರಿ ಮಾಡಿಸಿದ್ದು ಇವೇ.

1996ರಿಂದ ಒಲಿಂಪಿಕ್ಸ್‌ನಲ್ಲಿರುವ ಈ ಆಟದಲ್ಲಿ ಎಲ್ಲರೂ ಒಟ್ಟಿಗೆ ಹೊರಟು, ಒಂದೇ ದಾರಿಯನ್ನು ಹಲವು ಸುತ್ತು ಹಾಕಬೇಕು. ಅಂತಾರಾಷ್ಟ್ರೀಯ ನಿಯಮ ಖಡಕ್ ಐತಿ: ಮುಂದಿದ್ದವರು ಮೊದಲ ಸುತ್ತನ್ನು 15 ನಿಮಿಷದಲ್ಲಿ ಮುಗಿಸಿದ್ರೆ, ಅವರಿಗಿಂತ 12 ನಿಮಿಷ ಹಿಂದೆ ಬಿದ್ದವರನ್ನು ಹೊರಗೆ ಕಳಿಸಬಹುದು. ನನ್ನ ಭಯವೂ ಅದೇ.

ಎರಡನೇ ಸುತ್ತಿನ ಏರಿನಲ್ಲಿ ಕಾಲು ಕಲ್ಲಾದವು. ಇಳಿದು, ಸೈಕಲ್ ಹೆಗಲಿಗೇರಿಸಿ ಓಡಿದೆ, ಅದಕ್ಕೆ ಅಡ್ಡಿಯಿಲ್ಲ. ಹಿಂದಿನ ಗುಂಪಿನಲ್ಲೇ ಬಂದೆ, ಆದ್ರೆ ಯಾರೂ ಹೊರಗೆ ಕಳಿಸಲಿಲ್ಲ. ಮುಂದಿನ ರೇಸಿಗೂ ಹೆಸರು ಕೊಟ್ಟೀನಿ.