ಕಲ್ಲಣಬೆ ಟ್ರಫಲ್ ಹೌದೇ?

‘ಸರ್, ಕಲ್ಲಣಬೆ ಅಂದರೆ ನಮ್ಮ ಕಡೆಯ ಟ್ರಫಲ್ ಅಂತೆ, ಹೌದೇ?’ ಕಿನ್ನರದ ಒಬ್ಬ ವಿದ್ಯಾರ್ಥಿಯ ಪ್ರಶ್ನೆ ಇದು. ಅಲ್ಲ, ಆದರೆ ಪ್ರಶ್ನೆ ಒಳ್ಳೆಯದು.

ಟ್ರಫಲ್ ಎಂಬುದು ಟ್ಯೂಬರ್ ಕುಲದ ಶಿಲೀಂಧ್ರ. ಓಕ್, ಹೇಜಲ್ ಮುಂತಾದ ಮರಗಳ ಬೇರಿಗೆ ನೀರು, ಲವಣ ಒದಗಿಸಿ ಸಕ್ಕರೆ ಪಡೆಯುತ್ತದೆ. ಮಣ್ಣೊಳಗೇ ಬಲಿಯುವುದರಿಂದ ಅದಕ್ಕೆ ಗಾಳಿಯ ನೆರವಿಲ್ಲ. ಪರಿಮಳ ಬೀರಿ ಪ್ರಾಣಿಗಳನ್ನು ಕರೆಯುತ್ತದೆ. ಅವು ಅಗೆದು ತಿಂದು ಬೀಜಕ ಹರಡುತ್ತವೆ. ಇಟಲಿಯ ಬಿಳಿ ಟ್ರಫಲಿನ ಪರಿಮಳ ಬೇಯಿಸಿದರೆ ಹಾರಿಹೋಗುತ್ತದೆ. ಹಸಿಯಾಗಿಯೇ ಹೆರೆದು ಊಟದ ಮೇಲೆ ಉದುರಿಸುತ್ತಾರೆ. ಫ್ರಾನ್ಸಿನ ಕಪ್ಪು ಟ್ರಫಲ್ ಹದವಾದ ಬಿಸಿಯನ್ನು ತಾಳುತ್ತದೆ. ಚಾಕೊಲೇಟ್ ಟ್ರಫಲಿನಲ್ಲಿ ಅಣಬೆಯೇ ಇಲ್ಲ. ಆಕಾರದಿಂದ ಬಂದ ಹೆಸರು.

ನಮ್ಮ ಕರಾವಳಿಯ ಕಲ್ಲಣಬೆ ಆಸ್ಟ್ರಿಯಸ್ ಕುಲದ್ದು. ಮುಂಗಾರು ಹಿಡಿದಾಗ ಜಂಬಿಟ್ಟಿಗೆ ನೆಲದಲ್ಲಿ ಸಿಗುತ್ತದೆ. ಇದಕ್ಕೂ ಮರದ ಬೇರಿನ ನಂಟುಂಟು. ಆದರೆ ಬಲಿತಾಗ ಹೊರಸಿಪ್ಪೆ ನಕ್ಷತ್ರದಂತೆ ಬಿರಿದು ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ಪಲ್ಯಕ್ಕೆ ಒಳಗೆ ಬೆಳ್ಳಗಿರುವ ಎಳೆಯದೇ ಬೇಕು.

ಪಾಲಕರೇ, ಇಲ್ಲೊಂದು ಎಚ್ಚರಿಕೆ. ಉರುಟಾಗಿ ಬೆಳ್ಳಗಿದ್ದರೆ ಸಾಕೆಂದು ತಿಳಿಯಬೇಡಿ. ಹೊಟ್ಟೆ ಕೆಡಿಸುವ ಸ್ಕ್ಲಿರೊಡರ್ಮಾ ಕೂಡ ತೀರಾ ಎಳೆಯದಿರುವಾಗ ಬೆಳ್ಳಗೇ ಇರುತ್ತದೆ. ಆಮೇಲೆ ಒಳಗೆ ನೇರಳೆಗಪ್ಪಾಗುತ್ತದೆ. ಉದ್ದಕ್ಕೆ ಸೀಳಿದಾಗ ಒಳಗೆ ಕೊಡೆ, ಕಾಂಡದ ಗುರುತು ಕಂಡರೆ ಅದು ಪ್ರಾಣ ತೆಗೆಯುವ ಅಮಾನಿಟಾದ ಮೊಗ್ಗಾಗಿರಬಹುದು. ಬೇಯಿಸಿದರೂ ಅದರ ವಿಷ ಹೋಗದು. ಬಲ್ಲವರು ಗುರುತಿಸದ ಅಣಬೆ ಅಡುಗೆಮನೆಗೆ ಬರಬಾರದು. ತಿಂದ ಮೇಲೆ ವಾಂತಿ, ಭೇದಿ ಆದರೆ ಮನೆಮದ್ದಿಗೆ ಕಾಯದೆ, ಉಳಿದ ಅಣಬೆಯೊಂದಿಗೆ ಆಸ್ಪತ್ರೆಗೆ ಹೋಗಿ.

ಮಕ್ಕಳೇ, ನೋಡಿ, ಬಿಡಿಸಿ, ಬರೆದಿಡಿ. ರುಚಿ ನೋಡುವ ಪ್ರಯೋಗ ಮಾತ್ರ ಬೇಡ!