ಕಾಡಿನ ಎಲ್ಲೆಯೂ ಮನೆಯ ಆಸೆಯೂ

ದಿಲ್ಲಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರಲ್ಲಿ, ನಾಡಿನಲ್ಲಿ ಸ್ವಂತದ್ದೊಂದು ಮನೆಯಾಗಬೇಕೆಂಬ ಹಂಬಲವಿಲ್ಲದವರು ವಿರಳ. ಮುಖರ್ಜಿ ನಗರದಂತಹ ಬಡಾವಣೆಗಳ ಬಾಡಿಗೆ ಕೋಣೆಯಲ್ಲಿ ಮೂರು ನಾಲ್ಕು ಮಂದಿ ಒಟ್ಟಾಗಿದ್ದು, ಸಂಬಳದಲ್ಲಿ ಮಿಗಿಸಿ, ಚೀಟಿ ಕಟ್ಟಿ ಕೂಡಿಸಿದ ಹಣವು ಎಷ್ಟೋ ವೇಳೆ ಬೆಂಗಳೂರಿನ ಹೊರವಲಯದ ನಿವೇಶನವೊಂದಕ್ಕೆ ಸಲ್ಲುತ್ತದೆ. ಈ ಆಸೆ ನ್ಯಾಯವಾದುದೇ. ಆದರೆ ಆ ನಿವೇಶನವು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿದ್ದರೆ, ಮುಂಗಡ ಕೊಡುವ ಮೊದಲು ಯೋಚಿಸಬೇಕಾದ ಸಂಗತಿಗಳುಂಟು.

1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಅರಣ್ಯದ ಇಂದಿನ ವಿಸ್ತೀರ್ಣ 260.51 ಚದರ ಕಿಲೋಮೀಟರು. ಮೃಗಾಲಯವನ್ನು ನೋಡಿ ಬಂದವರು ಅಷ್ಟನ್ನೇ ಉದ್ಯಾನವೆಂದು ತಿಳಿಯುವುದುಂಟು. ವಾಸ್ತವವಾಗಿ ಅದು ನಗರದ ಸೆರಗಿನಿಂದ ದಕ್ಷಿಣಕ್ಕೆ ಉದ್ದವಾಗಿ, ಕೆಲವೆಡೆ ತೀರ ಕಿರಿದಾಗಿ ಚಾಚಿಕೊಂಡ ಆನೆಗಳ ಕಾಡು. ಇದರ ಸುತ್ತ ಕಟ್ಟಡಗಳ ಒತ್ತಡವನ್ನು ತಡೆಯಲು ಕೇಂದ್ರ ಸರಕಾರವು 2016ರ ಕರಡು ಆಜ್ಞೆಯಲ್ಲಿ 268.96 ಚದರ ಕಿಲೋಮೀಟರು ಪರಿಸರ ಸೂಕ್ಷ್ಮ ವಲಯವನ್ನು ಸೂಚಿಸಿತ್ತು. 2020ರ ಮಾರ್ಚಿಯ ಅಂತಿಮ ಆಜ್ಞೆಯಲ್ಲಿ ಅದು 168.84ಕ್ಕೆ ಇಳಿಯಿತು. ವಲಯದ ಅಗಲವು 100 ಮೀಟರಿನಿಂದ ಹೆಚ್ಚೆಂದರೆ 1 ಕಿಲೋಮೀಟರಿನಷ್ಟಾಯಿತು.

ಹಳ್ಳಿಗರಿಗೆ ತೊಂದರೆಯಾಗುವುದೆಂಬ ಮಾತು ಇಂತಹ ಸಂದರ್ಭಗಳಲ್ಲೆಲ್ಲ ಮುಂದೆ ಬರುತ್ತದೆ. ಆದರೆ ಇಂತಹ ವಲಯಗಳ ಆಜ್ಞೆಗಳು ಸ್ಥಳೀಯರು ತಮ್ಮ ಜಮೀನಿನಲ್ಲಿ ತಮ್ಮ ವಾಸಕ್ಕಾಗಿ ಮನೆ ಕಟ್ಟುವುದಕ್ಕೆ ಸಾಮಾನ್ಯವಾಗಿ ಅವಕಾಶವನ್ನು ಕೊಡುತ್ತವೆ. ತಡೆಯುಂಟಾಗುವುದು ಹೊಸ ವಾಣಿಜ್ಯ ಕಟ್ಟಡಗಳಿಗೆ, ಹೋಟೆಲು ರೆಸಾರ್ಟುಗಳಿಗೆ. ಹಾಗಿರುವಾಗ ವಲಯ ಕುಗ್ಗಿದುದರ ಲಾಭವು ಮಗನಿಗೊಂದು ಕೋಣೆ ಕಟ್ಟಿಸಬೇಕೆಂದಿರುವ ರೈತನಿಗಿಂತಲೂ ಬಡಾವಣೆ ಕಟ್ಟಿ ಮಾರುವವರಿಗೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ.

ನಷ್ಟವಾದರೋ ರೈತನ ಪಾಲಿನದೇ. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಕಾಡಿನಿಂದ ಹೊರಬೀಳುತ್ತವೆ. ಹಿಂದಿನ ದಾರಿಗೆ ಬಡಾವಣೆಯ ಗೋಡೆ ಅಡ್ಡವಾದರೆ ಅವು ಪಕ್ಕದ ಹೊಲವನ್ನು ಹೊಗುತ್ತವೆ. ಗೋಡೆ ಕಟ್ಟಿದವನು ಹಣ ಎಣಿಸಿಕೊಂಡು ಹೋಗಿರುತ್ತಾನೆ. ಬೆಳೆ ಕಳೆದುಕೊಂಡವನು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ದಿಲ್ಲಿಗೆ ಸಮೀಪದ ಗುರುಗ್ರಾಮ ಜಿಲ್ಲೆಯಲ್ಲಿ ಸುಲ್ತಾನ್‌ಪುರ ರಾಷ್ಟ್ರೀಯ ಉದ್ಯಾನವಿದೆ. ಕೇವಲ 1.43 ಚದರ ಕಿಲೋಮೀಟರಿನ ಆ ಪಕ್ಷಿಗಳ ನೆಲೆಗೆ 2010ರಲ್ಲಿ 5 ಕಿಲೋಮೀಟರಿನವರೆಗಿನ ಸೂಕ್ಷ್ಮ ವಲಯವನ್ನು ವಿಧಿಸಲಾಯಿತು. ಹಕ್ಕಿಗಳಿಗೆ ಅಷ್ಟು ಅಂತರ ಬೇಕೆಂದ ಮೇಲೆ ಆನೆಗಳಿಗೆ 100 ಮೀಟರು ಸಾಕೆನ್ನುವುದು ಯಾವ ಲೆಕ್ಕ?

ಮನೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ನೀರು, ರಸ್ತೆ, ವಾಹನ ಸೌಕರ್ಯಗಳಿರುವೆಡೆಯಲ್ಲಿ ಅಲ್ಪ ಸಂಬಳದವರಿಗೆ ಎಟಕುವ ಮನೆಗಳನ್ನು ಕಟ್ಟಿಸುವುದು ಸರಕಾರದ ಕರ್ತವ್ಯ. ಅದನ್ನು ಮಾಡದೆ ಕಾಡಿನ ಅಂಚನ್ನು ಬಿಟ್ಟುಕೊಡುವುದು ಸುಲಭದ ದಾರಿಯೇ ಹೊರತು ನ್ಯಾಯದ ದಾರಿಯಲ್ಲ. ಕಾಡಂಚಿನ ಹಳ್ಳಿಗರಿಗೆ ವಾಸದ ಮನೆಯ ಅನುಮತಿ ಬೇಗನೆ ದೊರೆಯಬೇಕು. ಬೆಳೆ ಪರಿಹಾರವು ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ಕಾಡನ್ನು ಕಾಯುವ ಭಾರವನ್ನು ಅವರೊಬ್ಬರ ಮೇಲೆಯೇ ಹೊರಿಸುವುದು ಸಲ್ಲದು.

ನಮ್ಮ ಹೋಟೆಲು ಬಂಧುಗಳಿಗೂ ಒಂದು ಮಾತು. ಉಪಾಹಾರಕ್ಕೆ ಗಿರಾಕಿಗಳು ಪೇಟೆಯಲ್ಲಿಯೇ ಬೇಕಾದಷ್ಟಿದ್ದಾರೆ. ಆನೆಯ ದಾರಿಯಲ್ಲಿ ಒಲೆ ಹೂಡುವ ಅಗತ್ಯ ನಮಗಿಲ್ಲ.

ನಿವೇಶನ ಕೊಳ್ಳುವವರು ದಲ್ಲಾಳಿಯ ಬಣ್ಣದ ನಕ್ಷೆಯನ್ನು ನಂಬಿ ಹಣ ಕೊಡಬಾರದು. ಸರ್ವೆ ನಂಬರನ್ನು ಕೇಳಿ ಪಡೆದು, ಅದು ಸೂಕ್ಷ್ಮ ವಲಯದೊಳಗಿದೆಯೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿಯೂ, ಭೂಪರಿವರ್ತನೆಯಾಗಿದೆಯೇ ಎಂಬುದನ್ನು ತಾಲೂಕು ಕಚೇರಿಯಲ್ಲಿಯೂ ವಿಚಾರಿಸಬೇಕು. ರಜೆಯಲ್ಲಿ ಊರಿಗೆ ಹೋದಾಗ ಇದಕ್ಕಾಗಿ ಒಂದು ದಿನವನ್ನು ಮೀಸಲಿಟ್ಟರೆ ಹತ್ತು ವರ್ಷದ ದುಡಿಮೆ ಉಳಿದೀತು. ಜೊತೆಗೆ ಕಾಡಿನ ಅಂಚೂ ಉಳಿದೀತು.